ಯೀಸ್ಟ್ ಕೊಳ್ಳುವ ಮೊದಲು ಅಂಗಡಿಯ ಫ್ರಿಜ್ ನೋಡಿ

ಮೈಸೂರಿನ ಸಂತೆಪೇಟೆ ಕಡೆ ಬೇಕರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಎಸೆನ್ಸು, ಬೇಕಿಂಗ್ ಪೌಡರು, ಕೇಕ್ ಟಿನ್ನು ನಮ್ಮ ದಿನನಿತ್ಯದ ವ್ಯಾಪಾರ. ಈಚೆಗೆ ಬೇರೆ ಥರದ ಗಿರಾಕಿಗಳೂ ಬರುತ್ತಿದ್ದಾರೆ. ಅನಾನಸ್ ಸಿಪ್ಪೆಯಿಂದ ವಿನೆಗರ್ ಮಾಡುವವರು, ಕೊಂಬುಚಾ (ಹುಳಿ ಬರಿಸಿದ ಸಿಹಿ ಚಹಾ) ಶುರು ಮಾಡುವವರು, ಶುಂಠಿ ಸೋಡಾ, ಮನೆ ಬ್ರೆಡ್ಡು ಅಂತ ಕೈ ಹಾಕುವವರು. ಹುಳಿ ಬರಿಸುವ ಕೆಲಸಕ್ಕೆ ಹೊಸಬರು. ಯಾವ ಅಂಗಡಿಯನ್ನು ನಂಬಬೇಕು, ಅಲ್ಲಿ ಏನು ಕೇಳಬೇಕು ಅನ್ನುವುದು ಇವರಿಗೆ ಗೊತ್ತಿರುವುದಿಲ್ಲ. ಕೌಂಟರಿನ ಒಳಗಡೆ ನಿಂತು ನಾನು ಕಲಿತದ್ದು ಅವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಸಬರು ಅಂಗಡಿಗೆ ಬಂದ ಕೂಡಲೇ ಶೆಲ್ಫ್ ನೋಡುತ್ತಾರೆ. ಎಷ್ಟು ಬಗೆಯ ಡಬ್ಬಿ ಇದೆ, ರೇಟು ಎಷ್ಟು ಅಂತ. ನಾನಾದರೆ ಮೊದಲು ಫ್ರಿಜ್ ಎಲ್ಲಿದೆ ಅಂತ ನೋಡಿ ಅನ್ನುತ್ತೇನೆ. ನೀವು ಕೊಳ್ಳಲು ಬಂದಿರುವುದರಲ್ಲಿ ಯೀಸ್ಟ್ ಒಂದೇ ಜೀವ ಇರುವ ಮಾಲು. ಸಕ್ಕರೆ, ಬಾಟಲಿ, ಜರಡಿ ಎಲ್ಲಿ ಕೊಂಡರೂ ಒಂದೇ. ಯೀಸ್ಟ್ ಹಾಗಲ್ಲ. ಅದನ್ನು ಹೇಗೆ ಇಟ್ಟಿದ್ದಾರೆ ಅನ್ನುವುದರಲ್ಲೇ ಆ ಅಂಗಡಿಯವರ ಶ್ರದ್ಧೆ ಕಾಣುತ್ತದೆ.

ಹಸಿ ಯೀಸ್ಟ್, ಅಂದರೆ ಇಟ್ಟಿಗೆ ಥರ ಒತ್ತಿದ ಮೆತ್ತನೆಯ ಯೀಸ್ಟ್, ಫ್ರಿಜ್ಜಿನ ತಂಪಿನಲ್ಲೂ ಎರಡು ಮೂರು ವಾರ ಬಾಳುತ್ತದೆ, ಅಷ್ಟೆ. ಅಂಚು ಕಂದು ತಿರುಗಿ ಒಡೆಯುತ್ತಿದ್ದರೆ ಅದನ್ನು ಮುಟ್ಟಬೇಡಿ. ಒಣ ಯೀಸ್ಟ್ ಸೀಲ್ ಒಡೆಯುವ ತನಕ ಗಟ್ಟಿ ಜೀವ. ಒಮ್ಮೆ ಪ್ಯಾಕೆಟ್ ಒಡೆದರೆ ಗಾಳಿ, ತೇವ, ಸೆಕೆ ಮೂರೂ ಅದಕ್ಕೆ ಶತ್ರು. ಬೇಕರಿಗೆ ಬರುವುದು 500 ಗ್ರಾಂ ಪ್ಯಾಕೆಟ್ಟು. ಮನೆಯವರಿಗೆ ಬೇಕಾಗುವುದು 10 ಗ್ರಾಂ. ಹಾಗಾಗಿ ಬಹಳಷ್ಟು ಅಂಗಡಿಗಳಲ್ಲಿ ಒಡೆದ ಪ್ಯಾಕೆಟ್ಟಿನಿಂದ ಬಿಡಿಯಾಗಿ ತೂಗಿ ಕೊಡುತ್ತಾರೆ. ಅದೇನೂ ತಪ್ಪಲ್ಲ, ನಾವೂ ಕೊಡುತ್ತೇವೆ. ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ: "ಈ ಪ್ಯಾಕೆಟ್ ಯಾವಾಗ ಒಡೆದದ್ದು?" ಪ್ಯಾಕೆಟ್ ಮೇಲೆ ಅಚ್ಚಾಗಿರುವ ಎಕ್ಸ್‌ಪೈರಿ ತಾರೀಖು ಸೀಲ್ ಇರುವ ತನಕದ ಲೆಕ್ಕ. ಒಡೆದ ತಾರೀಖನ್ನು ಅಂಗಡಿಯವರೇ ಬರೆದಿಡಬೇಕು. ನಮ್ಮ ಯಜಮಾನರು ಮಾರ್ಕರ್ ಪೆನ್ನನ್ನು ಫ್ರಿಜ್ ಬಾಗಿಲಿಗೇ ದಾರ ಕಟ್ಟಿ ತೂಗುಹಾಕಿದ್ದಾರೆ. ತಾರೀಖು ಬರೆಯದೆ ಪ್ಯಾಕೆಟ್ ಒಳಗಿಟ್ಟರೆ ಎಷ್ಟೇ ರಶ್ ಇರಲಿ, ಕರೆದು ಬರೆಸುತ್ತಾರೆ.

ಅವರದ್ದೇ ಇನ್ನೊಂದು ಅಭ್ಯಾಸ ನನಗೆ ತುಂಬ ಹಿಡಿಸಿದ್ದು. ಹೊಸ ಲಾಟ್ ಬಂದರೆ ಮಾರಾಟಕ್ಕೆ ಇಡುವ ಮೊದಲು ಒಂದು ಗಾಜಿನ ಲೋಟದಲ್ಲಿ ಪರೀಕ್ಷೆ. ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಅರ್ಧ ಚಮಚ ಯೀಸ್ಟ್. ಮೊದಲು ಕಾಳುಗಳು ಮೇಲೆ ತೇಲುತ್ತವೆ. ಆಮೇಲೆ ಒಂದೊಂದೇ ಕೆಳಕ್ಕೆ ಇಳಿಯುತ್ತಾ ನೀರು ಬಗ್ಗಡವಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಮೇಲೆ ಕೆನೆಬಣ್ಣದ ನೊರೆ ಕಟ್ಟಬೇಕು, ಬ್ರೆಡ್ಡಿನ ವಾಸನೆ ಬರಬೇಕು. ನೊರೆ ಬಾರದೆ ತಳದಲ್ಲಿ ಮಣ್ಣಿನಂತೆ ಕೂತರೆ ಆ ಲಾಟ್ ವಾಪಸ್. ಬೇಸಿಗೆಯಲ್ಲಿ ಲಾರಿಯಲ್ಲೋ ಗೋದಾಮಿನಲ್ಲೋ ಬೆಂದು ಬಂದ ಮಾಲು ಹೀಗಾಗುವುದುಂಟು. ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು, ಒಂದೇ ಎಚ್ಚರ: ನೀರು ಕೈಗೆ ಸುಡುವಷ್ಟು ಬಿಸಿ ಇರಬಾರದು. 55 ಡಿಗ್ರಿ ದಾಟಿದರೆ ಒಳ್ಳೆಯ ಯೀಸ್ಟೂ ಸಾಯುತ್ತದೆ, ಆಮೇಲೆ ಅಂಗಡಿಯವರನ್ನು ಬೈದು ಫಲವಿಲ್ಲ.

ಫ್ರಿಜ್ ಆದಮೇಲೆ ನೋಡಬೇಕಾದ್ದು ಕೌಂಟರಿನಲ್ಲಿ ಇರುವವರನ್ನು. ಅವರು ನಿಮ್ಮನ್ನು ಏನಾದರೂ ಕೇಳುತ್ತಾರೋ ಇಲ್ಲವೋ? ಕುವೆಂಪುನಗರದಿಂದ ಒಬ್ಬರು ಅಮ್ಮ ಬಂದಿದ್ದರು. ಕೈಯಲ್ಲಿ ಚೀಟಿ: ಯೀಸ್ಟ್ ಒಂದು ಪ್ಯಾಕೆಟ್, ಏರ್‌ಲಾಕ್ (ಜಾಡಿಯ ಬಾಯಿಗೆ ಹಾಕುವ, ಗ್ಯಾಸನ್ನು ಹೊರಕ್ಕೆ ಮಾತ್ರ ಬಿಡುವ ಬಿರಡೆ) ಎರಡು, ಸಿಟ್ರಿಕ್ ಆಸಿಡ್ ಕಾಲು ಕೆಜಿ.

"ಏನು ಮಾಡಕ್ಕಮ್ಮಾ ಇದು?" ಅಂದೆ.

"ಅನಾನಸ್ ವಿನೆಗರ್ ಮಾಡೋಣ ಅಂತ ಕಣಪ್ಪ. ಮಗಳು ಬರೆದುಕೊಟ್ಟಳು."

"ಎಷ್ಟು ಮಾಡ್ತೀರಾ?"

"ಒಂದೆರಡು ಲೀಟರ್ ಆದ್ರೆ ಸಾಕು."

ಎರಡು ಲೀಟರಿಗೆ ಎರಡು ಗ್ರಾಂ ಯೀಸ್ಟ್ ಧಾರಾಳವಾಯಿತು. ಸಿಟ್ರಿಕ್ ಆಸಿಡ್ ಬೇಡವೇ ಬೇಡ, ಅನಾನಸ್ಸಿನಲ್ಲೇ ಹುಳಿ ಇದೆ. ಏರ್‌ಲಾಕ್ ವಿಷಯವನ್ನು ಬಿಡಿಸಿ ಹೇಳಬೇಕಾಯಿತು. ವಿನೆಗರ್ ಆಗುವುದು ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಯೀಸ್ಟು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದೆ. ಆಗ ಗ್ಯಾಸ್ ಹೊರಹೋಗಬೇಕು, ಗಾಳಿ ಒಳಬರಬಾರದು, ಅದಕ್ಕೆ ಏರ್‌ಲಾಕ್ ಸರಿ. ಎರಡನೆಯ ಹಂತದಲ್ಲಿ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ಅವಕ್ಕೆ ಗಾಳಿ ಬೇಕೇಬೇಕು. ಅಲ್ಲೂ ಏರ್‌ಲಾಕ್ ಹಾಕಿ ಕೂತರೆ ತಿಂಗಳಾದರೂ ಹುಳಿ ಏರುವುದಿಲ್ಲ. ಅಲ್ಲಿ ಬೇಕಾದ್ದು ಅಗಲ ಬಾಯಿಯ ಜಾಡಿ, ಅದರ ಬಾಯಿಗೆ ಕಟ್ಟಲು ಮಲ್‌ಮಲ್ ಬಟ್ಟೆ, ಹಣ್ಣಿನ ನೊಣ ಒಳಗೆ ಹೋಗದಂತೆ ರಬ್ಬರ್ ಬ್ಯಾಂಡು. ಜೊತೆಗೆ ಕುದಿಸದ, ಜೀವ ಇರುವ ಹಳೆ ವಿನೆಗರ್ ಸ್ವಲ್ಪ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ಸೇರಿಸಿದರೆ ಕೆಲಸ ಬೇಗ ಹತ್ತುತ್ತದೆ. ಆ ಅಮ್ಮನ ಚೀಟಿಯಲ್ಲಿ ಉಳಿದದ್ದು ಬಿಡಿ ಯೀಸ್ಟು ಮತ್ತು ಒಂದು ಏರ್‌ಲಾಕ್.

ಆವತ್ತಿನ ವ್ಯಾಪಾರ ಕಡಿಮೆ ಆಯಿತು, ನಿಜ. ಆದರೆ ಹೊಸಬರಿಗೆ ಬೇಡದ್ದನ್ನು ಬೇಡ ಅನ್ನುವ ಅಂಗಡಿಯೇ ಒಳ್ಳೆಯ ಅಂಗಡಿ ಅಂತ ನಾನು ಮನಸಾರೆ ನಂಬಿದ್ದೇನೆ. ಚೀಟಿಯಲ್ಲಿ ಇರುವುದನ್ನೆಲ್ಲ ಕಟ್ಟಿಕೊಟ್ಟು ದುಡ್ಡು ಎಣಿಸುವುದು ಸುಲಭ. "ಏನು ಮಾಡ್ತೀರಾ, ಎಷ್ಟು ಮಾಡ್ತೀರಾ, ಎಲ್ಲಿ ಇಡ್ತೀರಾ" ಎಂಬ ಮೂರು ಪ್ರಶ್ನೆ ಕೇಳುವವರು ಸಿಕ್ಕಿದರೆ ಅವರನ್ನು ಬಿಡಬೇಡಿ, ಹತ್ತು ರೂಪಾಯಿ ಹೆಚ್ಚಾದರೂ ಸರಿ.

ಮಂಡ್ಯ ಕಡೆಯವರು ಬಂದರೆ ಮಾತು ಬೆಲ್ಲದ ಮೇಲೆ ಹೋಗುತ್ತದೆ. ಆಲೆಮನೆ ಊರಿನವರು, ಬೆಲ್ಲದ ವಿಷಯದಲ್ಲಿ ನಾವು ಅವರಿಗೆ ಹೇಳಿಕೊಡುವುದೇನೂ ಇಲ್ಲ. ಆದರೂ ಒಂದು ಮಾತು. ಬಣ್ಣ ಬೆಳ್ಳಗೆ, ಹಳದಿಯಾಗಿ ಬರಲಿ ಅಂತ ಕೆಲವು ಕಡೆ ಪಾಕಕ್ಕೆ ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕುತ್ತಾರೆ. ಅದರ ಗಂಧಕದ ಅಂಶ ಹೆಚ್ಚು ಉಳಿದರೆ ಯೀಸ್ಟಿಗೆ ಒಗ್ಗುವುದಿಲ್ಲ. ಹುಳಿ ಬರಿಸಲು ಕಂದು ಬಣ್ಣದ ಬೆಲ್ಲವೇ ಲೇಸು. ಡಬ್ಬದ ಹಣ್ಣಿನ ರಸ ತರುವವರಿಗೂ ಇದೇ ಎಚ್ಚರ: ಲೇಬಲ್ ಮೇಲೆ 202, 211, 224 ಅನ್ನುವ ಸಂಖ್ಯೆ ಇದ್ದರೆ ಅವು ಕೆಡದಂತೆ ಇಡುವ ರಾಸಾಯನಿಕಗಳು. ಯೀಸ್ಟನ್ನು ಬೆಳೆಯಲು ಬಿಡದಿರುವುದೇ ಅವುಗಳ ಕೆಲಸ.

ಮದ್ದೂರು ಕಡೆಯ ಒಬ್ಬರು ಕಬ್ಬಿನ ಹಾಲಿನ ವಿನೆಗರ್ ಮಾಡಲು ಹೊರಟಿದ್ದರು. ಮನೆಯಲ್ಲಿ ಹಸು ಇದೆ, ಡೇರಿಗೆ ಹಾಲು ಹಾಕುತ್ತಾರೆ. "ಸಕ್ಕರೆ ಅಂಶ ಅಳೆಯಕ್ಕೆ ಲ್ಯಾಕ್ಟೋಮೀಟರ್ ಐತಲ್ಲಣ್ಣ, ಅದೇ ಸಾಕಲ್ವಾ?" ಅಂತ ಕೇಳಿದರು. ಹಾಲು ಅಳೆಯುವ ಲ್ಯಾಕ್ಟೋಮೀಟರು, ಸಕ್ಕರೆ ಅಳೆಯುವ ಹೈಡ್ರೋಮೀಟರು, ಎರಡೂ ನೋಡಲು ಒಂದೇ ಥರದ ಗಾಜಿನ ಕೊಳವೆ, ಎರಡೂ ತೇಲಿಯೇ ಅಳೆಯುವುದು. ಆದರೆ ನೀರಿನ ಸಾಂದ್ರತೆ 1 ಅಂತಿಟ್ಟರೆ ಹಸುವಿನ ಹಾಲಿನದು 1.030ರ ಆಸುಪಾಸು, ಲ್ಯಾಕ್ಟೋಮೀಟರಿನ ಗೆರೆಗಳು 1.040ರ ಸುತ್ತ ಮುಗಿದುಹೋಗುತ್ತವೆ. 20 ಬ್ರಿಕ್ಸ್, ಅಂದರೆ ನೂರು ಗ್ರಾಮಿಗೆ 20 ಗ್ರಾಂ ಸಕ್ಕರೆ ಇರುವ ಕಬ್ಬಿನ ಹಾಲು 1.083 ತೋರಿಸಬೇಕು. ಅದರೊಳಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಗೆರೆಗಳೆಲ್ಲ ಮೇಲೆದ್ದು ನಿಲ್ಲುತ್ತವೆ, ಓದಲು ಏನೂ ಇರುವುದಿಲ್ಲ. ಅವರಿಗೆ ಬೇಕಾದ್ದು ಬ್ರಿಕ್ಸ್ ಹೈಡ್ರೋಮೀಟರ್. ನಮ್ಮಲ್ಲಿ ಇರಲಿಲ್ಲ. ಲ್ಯಾಬ್ ಗಾಜಿನ ಸಾಮಾನು ಮಾರುವ ಅಂಗಡಿಗೆ ಕಳಿಸಿದೆ. ಅಲ್ಲೇ ಒಂದು ಉದ್ದನೆಯ ಜಾಡಿಯಲ್ಲಿ ಬರೀ ನೀರು ತುಂಬಿಸಿ, ತೇಲಿಬಿಟ್ಟು, ಸೊನ್ನೆಗೆ ನಿಲ್ಲುತ್ತದೋ ಇಲ್ಲವೋ ನೋಡಿಯೇ ದುಡ್ಡು ಕೊಡಿ ಅಂದೆ. ಗಾಜಿನೊಳಗಿನ ಕಾಗದ ಒಂಚೂರು ಜಾರಿದ್ದರೂ ಇಡೀ ಅಳತೆ ತಪ್ಪುತ್ತದೆ. ಇದು ಯಾರಿಗೂ ಕಣ್ಣಿಗೆ ಬೀಳದ ದೋಷ, ನೀರಿಗೆ ಬಿಟ್ಟಾಗ ಮಾತ್ರ ಗೊತ್ತಾಗುವುದು.

ಕೊಂಬುಚಾದವರಿಗೆ ಇಷ್ಟೇ ಹೇಳುವುದು: 1ರಿಂದ 14ರ ತನಕ ತೋರಿಸುವ ಪಿಎಚ್ ಪೇಪರ್ (ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕಾಗದ) ಕೊಳ್ಳಬೇಡಿ. ನಿಮಗೆ ಮುಖ್ಯವಾದ್ದು 3 ಮತ್ತು 4ರ ನಡುವಿನ ವ್ಯತ್ಯಾಸ, ಆ ಪೇಪರಿನಲ್ಲಿ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ಕಡಿಮೆ ವ್ಯಾಪ್ತಿಯದ್ದನ್ನು ಕೇಳಿ ಪಡೆಯಿರಿ.

ಬಿಯರ್ ಮಾಡಲು ಸಾಮಾನು ಕೇಳುವ ಹುಡುಗರೂ ಬರುತ್ತಾರೆ. ಹೊರದೇಶದ ಹೋಮ್‌ಬ್ರೂ ಅಂಗಡಿಗಳ ವಿಡಿಯೋ ನೋಡಿರುತ್ತಾರೆ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಿಯರಿಗೆ ಲೈಸೆನ್ಸ್ ಬೇಡ ಅಂದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದಾರಿ ತೆರೆಯಿತು. ಆ ಅಂಗಡಿಗಳು ಬೆಳೆದದ್ದು ಅದರ ಬೆನ್ನಿಗೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇದನ್ನು ನಾನು ಮುಖಕ್ಕೆ ಹೇಳುತ್ತೇನೆ. "ಯಾರಿಗೂ ಗೊತ್ತಾಗಲ್ಲ ಬಿಡ್ರೋ" ಅಂತ ಸಾಮಾನು ಕಟ್ಟಿಕೊಡುವ ಅಂಗಡಿ ನಿಮ್ಮ ಹಿತ ಬಯಸುವ ಅಂಗಡಿ ಅಲ್ಲ. ಆದರೂ ಹೊರದೇಶದ ಆ ಅಂಗಡಿಗಳಿಂದ ಕಲಿಯುವುದಿದೆ. ಅಲ್ಲಿ ತಿಳಿದವರು ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಎಲ್ಲಿಟ್ಟಿದ್ದಾರೆ ಅಂತ ನೋಡುತ್ತಾರಂತೆ: ಗಾಳಿಯಾಡದ ಪೊಟ್ಟಣದಲ್ಲಿ, ತಂಪಿನಲ್ಲಿ ಇರಬೇಕು. ಬಿಸಿಲಿಗೆ ಇಟ್ಟ ಹಳೆ ಹಾಪ್ಸ್ ಚೀಸಿನ ವಾಸನೆ ಹೊಡೆಯುತ್ತದೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ತಾಜಾ ಇರಲಿ ಅಂತ ಗಿರಾಕಿ ಬಂದಮೇಲೆ ಪುಡಿ ಮಾಡಿಕೊಡುತ್ತಾರೆ, ಕಾಫಿಪುಡಿ ಅಂಗಡಿಯವರು ಆಗಿಂದಾಗ ಬೀಜ ಪುಡಿ ಮಾಡುವುದೂ ಅದೇ ಕಾರಣಕ್ಕೆ. ಮಾಲು ಯಾವುದೇ ಇರಲಿ, ನೋಡಬೇಕಾದ್ದು ಅದನ್ನು ಹೇಗೆ ಇಟ್ಟಿದ್ದಾರೆ ಅನ್ನುವುದನ್ನೇ.

ಪಾತ್ರೆಗಳ ಬಗ್ಗೆ ನನಗೆ ನಿಜವಾದ ಕಳಕಳಿ ಇದೆ. ಹುಳಿಗೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಆಗದು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಕಾಯಿಸಬೇಡ ಅಂತ ನಮ್ಮ ಅಜ್ಜಿಯರೇ ಹೇಳುತ್ತಿದ್ದರು. ಬಣ್ಣದ, ಕೆಮಿಕಲ್ ತುಂಬಿದ್ದ ಹಳೆ ಬಕೆಟ್ ಎಷ್ಟು ತೊಳೆದರೂ ಬೇಡ. ಗಾಜು ಇಲ್ಲವೇ ಲೋಟ ಮತ್ತು ಫೋರ್ಕಿನ ಗುರುತಿರುವ ಪ್ಲಾಸ್ಟಿಕ್ ತನ್ನಿ. ಶುಂಠಿ ಸೋಡಾ ಮಾಡುವವರು ದಯವಿಟ್ಟು ಸ್ಕ್ವಾಷ್ ಬಾಟಲಿಗೆ ತುಂಬಿಸಿ ಬಿರಡೆ ಬಿಗಿಯಬೇಡಿ. ಒಳಗೆ ಗ್ಯಾಸ್ ಏರಿದರೆ ಆ ತೆಳು ಗಾಜು ಸಿಡಿಯುತ್ತದೆ, ಅಡಿಗೆಮನೆಯಲ್ಲಿ ಮಕ್ಕಳಿರುತ್ತಾರೆ. ಗೋಲಿ ಸೋಡಾ ಬಾಟಲಿ ಅಷ್ಟು ದಪ್ಪ ಇರುವುದು ಸುಮ್ಮನೆ ಅಲ್ಲ. ಹೊಸಬರಿಗೆ ಕೂಲ್‌ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟಲಿ ಎಲ್ಲಕ್ಕಿಂತ ಕ್ಷೇಮ: ಹೊರಗಿನಿಂದ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿಯಾದರೆ ಫ್ರಿಜ್ಜಿಗೆ ಇಡಿ.

ಎಲ್ಲವೂ ಒಂದೇ ಸೂರಿನಡಿ ಸಿಗುವ ಅಂಗಡಿಗೆ ಮೈಸೂರಿನಲ್ಲಿ ಅಲೆದು ದಣಿಯಬೇಡಿ. ಯೀಸ್ಟಿಗೆ ಬೇಕರಿ ಸಾಮಾನಿನ ಅಂಗಡಿ, ಹೈಡ್ರೋಮೀಟರು, ಪಿಎಚ್ ಪೇಪರಿಗೆ ಲ್ಯಾಬ್ ಸಾಮಾನಿನವರು, ಜಾಡಿಗೆ ಪಾತ್ರೆ ಅಂಗಡಿ, ಹಣ್ಣಿಗೆ ದೇವರಾಜ ಮಾರುಕಟ್ಟೆ. ಒಬ್ಬ ಒಳ್ಳೆಯ ಅಂಗಡಿಯವರು ಸಿಕ್ಕರೆ ಉಳಿದ ಮೂವರ ವಿಳಾಸವನ್ನು ಅವರೇ ಕೊಡುತ್ತಾರೆ. ಮಾಡಿದ್ದನ್ನು ಮಾರಬೇಕು ಅನ್ನುವ ಮಟ್ಟಿಗೆ ಬೆಳೆದರೆ ಸಿಎಫ್‌ಟಿಆರ್‌ಐ (ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ನಮ್ಮ ಊರಿನಲ್ಲೇ ಇದೆ, 1950ರಿಂದ ಚೆಲುವಾಂಬ ವಿಲಾಸದ ಅರಮನೆಯಲ್ಲಿ. ಅಲ್ಲಿ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ, ವಿಚಾರಿಸಿ. ಆಹಾರ ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ) ನೋಂದಣಿಯೂ ಆಗಬೇಕು.

ಮಂಡ್ಯ, ಶ್ರೀರಂಗಪಟ್ಟಣದಿಂದ ಬರುವವರು ಬೇಸಿಗೆಯ ಮಧ್ಯಾಹ್ನ ಹಸಿ ಯೀಸ್ಟ್ ಒಯ್ಯಬೇಡಿ. ಸೀಲ್ ಒಡೆಯದ ಒಣ ಯೀಸ್ಟ್ ತಗೊಳ್ಳಿ. ಹಸಿಯದೇ ಬೇಕು ಅಂದರೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬನ್ನಿ, ಐಸ್ ಹಾಕಿದ ಡಬ್ಬಿ ತನ್ನಿ, ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಿನಡಿ ಇಡಬೇಡಿ.