ಮಾರ್ಚ್ ಹಿಮ: ಹಗಲು ನೀರು, ರಾತ್ರಿ ಗಾಜು

ಅಮೆರಿಕದ ಉತ್ತರದ ರಾಜ್ಯಗಳಾದ ಮಿನೆಸೋಟಾ, ಮಿಶಿಗನ್ ಕಡೆ ಮಾರ್ಚ್ ಬಂತೆಂದು ಸಲಿಕೆ ಒಳಗಿಡಬೇಡಿ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದು ಮಾಮೂಲು. ಜನವರಿಯದು ಹಗುರ ಪುಡಿ. ವಸಂತದ ಹಿಮ ನೀರು ಕುಡಿದು ಭಾರ. ಸಲಿಕೆ ಅರ್ಧ ಮಾತ್ರ ತುಂಬಿ, ಎತ್ತುವ ಬದಲು ತಳ್ಳಿ, ಸೊಂಟ ಉಳಿಯುತ್ತದೆ.

ನಿಜವಾದ ಅಪಾಯ ಬೆಳಗಿನ ಜಾವದ್ದು. ಹಗಲು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹರಿದ ನೀರು, ರಾತ್ರಿ ಸೊನ್ನೆಗಿಂತ ಕೆಳಗಿಳಿದಾಗ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗುತ್ತದೆ. ಹಾಗಾಗಿ ಹಿಮವನ್ನು ಹಾದಿಯ ತಗ್ಗಿನ ಬದಿಗೇ ರಾಶಿ ಹಾಕಿ. ಎತ್ತರದ ಬದಿಗೆ ಹಾಕಿದರೆ ಕರಗಿದ್ದೆಲ್ಲ ಹಾದಿಗೆ ಅಡ್ಡ ಹರಿಯುತ್ತದೆ. ಮಂಜುಗಡ್ಡೆ ಕರಗಿಸಲು ಎರಚುವ ಕಲ್ಲುಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಅಷ್ಟಾಗಿ ಕೆಲಸ ಮಾಡದು. ಅಂಥ ರಾತ್ರಿ ಕ್ಯಾಲ್ಸಿಯಂ ಕ್ಲೋರೈಡ್, ಇಲ್ಲವೇ ಬರೀ ಮರಳು. ಉಪ್ಪು ಅತಿಯಾದರೆ ಅಂಚಿನ ಹುಲ್ಲು ಸಾಯುತ್ತದೆ, ಕಾಂಕ್ರೀಟ್ ಚಕ್ಕೆ ಏಳುತ್ತದೆ.

ಕರಗಿದ ಹಿಮದ ನೀರು ನೆಲಮಾಳಿಗೆಯಲ್ಲಿ ನಿಲ್ಲದಂತೆ ಹೊರಹಾಕುವ ಸಂಪ್ ಪಂಪಿನ ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಪಂಪು ತಾನಾಗಿ ಚಾಲೂ ಆಗದಿದ್ದರೆ ನೀರೇರಿದಾಗ ತೇಲಿ ಪಂಪು ಚಾಲೂ ಮಾಡುವ ಫ್ಲೋಟ್ ಸಿಕ್ಕಿಕೊಂಡಿರಬಹುದು. ಓಡಿಯೂ ನೀರು ಹೋಗದಿದ್ದರೆ ಹೊರಗಿನ ಪೈಪಿನ ಬಾಯಿ ಹೆಪ್ಪುಗಟ್ಟಿದೆಯೇ ನೋಡಿ.

ಕರಿಬೇವಿನ ಕುಂಡ? ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಮೇಲೆ ನಿಲ್ಲುವವರೆಗೆ, ಅಂದರೆ ಹೆಚ್ಚುಕಡಿಮೆ ಮೇ ಕೊನೆವರೆಗೆ, ಕಿಟಕಿ ಬಳಿಯೇ ಇರಲಿ. ಒಂದು ಬಿಸಿಲಿನ ವಾರಕ್ಕೆ ಮರುಳಾಗಿ ಹೊರಗಿಟ್ಟರೆ ಎಲೆ ಉದುರುತ್ತದೆ.