ಎಷ್ಟು ಪುಲ್‌ಅಪ್ ಹೊಡೆದರೆ ಕಮಾಂಡೋ ಆಗಬಹುದು?

ಹತ್ತು.

ಸಿಕ್ಕಿತಲ್ಲ ಉತ್ತರ, ಆತುರ ಇದ್ದವರು ಇಲ್ಲಿಂದಲೇ ಹೊರಡಬಹುದು. ಸೇನಾ ಭರ್ತಿ ರ‍್ಯಾಲಿಯಲ್ಲಿ 10 ಬೀಮ್, ಅಂದರೆ ಪುಲ್‌ಅಪ್, ಎಳೆದರೆ 40 ಅಂಕ. ಹನ್ನೊಂದನೆಯದಕ್ಕೆ ಚಪ್ಪಾಳೆಯೂ ಇಲ್ಲ. ಈ ಪ್ರಶ್ನೆ ಹುಟ್ಟಿರೋದೇ ಅಲ್ಲಿ. ರ‍್ಯಾಲಿಗೆ ಹತ್ತಾದರೆ ಪ್ಯಾರಾಶೂಟ್ ಪಡೆಗೆ ಇಪ್ಪತ್ತು, ಇನ್ನೂ ದೊಡ್ಡದಕ್ಕೆ ಮೂವತ್ತು ಅಂತ ಹುಡುಗರು ತಾವೇ ಮಗ್ಗಿ ಬರೆದುಕೊಂಡಿದ್ದಾರೆ. "ಅಣ್ಣಾ, ನಾನು 22 ಹೊಡೀತೀನಿ, ಆಗುತ್ತಾ?" ಆಗುತ್ತೆ ತಮ್ಮಾ, ತೆಂಗಿನ ಮರ ಹತ್ತೋಕೆ ಚೆನ್ನಾಗೇ ಆಗುತ್ತೆ. ಅವರ ಅಪ್ಪಂದಿರ ಪ್ರಶ್ನೆ ಬೇರೆ: "ಅಲ್ಲಿ ತರಬೇತೀಲಿ ಹೊಡೀತಾರಂತೆ, ಹೌದಾ ಸರ್?" ಹೊಡೆಯೋರು ಯಾರೂ ಇಲ್ಲದ ಕಡೆಯೇ ಹೆಚ್ಚು ಜನ ಬಿಟ್ಟು ಬರ್ತಾರೆ ಅಂದರೆ ನಂಬೋದಿಲ್ಲ.

ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಲ್ಲೇ ಇದೆ, ಬೆಳಗಾವಿಯಲ್ಲಿ ಸೇನೆಯ ಕಮಾಂಡೋ ಶಾಲೆ ಇದೆ, ಆದ್ದರಿಂದ ಊರಿಗೊಬ್ಬ 'ಒಳಗಿನ ಸುದ್ದಿ' ಹೇಳುವವನೂ ಇದ್ದಾನೆ. ನನ್ನನ್ನು ಆ ಸಾಲಿಗೆ ಸೇರಿಸಬೇಡಿ. ಎಲ್ಲರ ಕಣ್ಣೆದುರು ದಾಖಲಾಗಿರುವ ಒಂದನ್ನೇ ಹಿಡಿದು ಹೇಳ್ತೀನಿ: ಬ್ರಿಟನ್ನಿನ ಸೇನೆಯ ವಿಶೇಷ ಕಮಾಂಡೋ ಪಡೆಯಾದ ಎಸ್‌ಎಎಸ್ ಪಡೆಯ ಆಯ್ಕೆ. ದೇಶ ಬೇರೆ, ಅಂಗಾಲು ಎಲ್ಲರದೂ ಒಂದೇ.

ಆ ಆಯ್ಕೆಯ ಮೊದಲ ಘಟ್ಟ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಗುಡ್ಡಗಳಲ್ಲಿ. ಅಲ್ಲಿನ ಎತ್ತರದ ಶಿಖರ ಪೆನ್ ಇ ಫ್ಯಾನ್ 886 ಮೀಟರ್, ಅಂದರೆ ನಮ್ಮ ಬೆಂಗಳೂರಿಗಿಂತ ತಗ್ಗು. ನಗಬೇಡಿ. 'ಫ್ಯಾನ್ ಡ್ಯಾನ್ಸ್' ಅನ್ನೋ ನಡಿಗೆಯಲ್ಲಿ ಈ ಗುಡ್ಡ ಹತ್ತಿ, ಆಚೆ ಇಳಿದು, ಮತ್ತೆ ಅದೇ ದಾರಿಯಲ್ಲಿ ಹತ್ತಿ ಇಳಿದು ಬರಬೇಕು: 24 ಕಿಲೋಮೀಟರ್, ಬೆನ್ನ ಮೇಲೆ ಸುಮಾರು 16 ಕಿಲೋ, ಕೈಯಲ್ಲಿ ರೈಫಲ್, ನೀರು ಬೇರೆ, ಹೆಚ್ಚುಕಡಿಮೆ ನಾಲ್ಕು ಗಂಟೆ. ಗುಡ್ಡ ನಡೆಯುವವರಿಗೆ ನೈಸ್ಮಿತ್ ಲೆಕ್ಕ ಅಂತ ಒಂದಿದೆ. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸು. ಆ ಲೆಕ್ಕಕ್ಕೆ ಏರನ್ನು ಬಿಟ್ಟು ಬರೀ ದೂರವೇ 4 ಗಂಟೆ 48 ನಿಮಿಷ ತಿನ್ನುತ್ತೆ. ಅಂದರೆ ಏರಿನಲ್ಲಿ ಬಿರುಸಾಗಿ ನಡೆದು, ಸಮತಟ್ಟು ಮತ್ತು ಇಳಿಜಾರಿನಲ್ಲಿ ಹೊರೆ ಸಮೇತ ಓಡಬೇಕು. ತೊಡೆ, ಮಂಡಿ ಹಾಳಾಗೋದು ಆ ಇಳಿಜಾರಿನಲ್ಲಿ, ಏರಿನಲ್ಲಲ್ಲ. ಬೆಟ್ಟ ಹತ್ತಿ ರೋಪ್‌ವೇಲಿ ಇಳಿಯುವ ಅಭ್ಯಾಸದಿಂದ ಏನೂ ಪ್ರಯೋಜನ ಇಲ್ಲ.

ಇದು ಆರಂಭ. ಗುಡ್ಡದ ಘಟ್ಟ ಸುಮಾರು ನಾಲ್ಕು ವಾರ, ಹೊರೆ ಏರುತ್ತಾ ಹೋಗುತ್ತೆ. ಕೊನೆಯದು 64 ಕಿಲೋಮೀಟರ್, 25 ಕಿಲೋ ಹೊರೆ, 20 ಗಂಟೆ. ಊಟ, ನೀರು, ರೈಫಲ್ಲು ಆ 25ರಲ್ಲಿ ಸೇರಿಲ್ಲ.

ಇಲ್ಲಿ ಮೊದಲು ಕೈಕೊಡೋದು ತೋಳಲ್ಲ, ಚರ್ಮ. ಬೂಟಿನೊಳಗೆ ಚರ್ಮ ಒದ್ದೆಯಾಗಿ ಸಾಕ್ಸಿಗೆ ಅಂಟಿ ನಿಲ್ಲುತ್ತೆ, ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆಮುಂದೆ ಆಡುತ್ತೆ. ನಡುವಿನ ಪದರ ಹರಿದು ನೀರು ತುಂಬಿಕೊಂಡರೆ ಅದೇ ಬೊಬ್ಬೆ. ಅದಕ್ಕೆ ಮುಂಚೆ ಆ ಜಾಗ ಬಿಸಿಯಾಗುತ್ತೆ. ಬಿಸಿ ಗೊತ್ತಾದ ಕೂಡಲೇ ಕೂತು, ಬೂಟು ಬಿಚ್ಚಿ, ಒರೆಸಿ ಒಣಗಿಸಿ, ಮೂಲೆ ದುಂಡಗೆ ಕತ್ತರಿಸಿದ ಜಿಂಕ್ ಆಕ್ಸೈಡ್ ಟೇಪನ್ನು ಒಂದೂ ಸುಕ್ಕಿಲ್ಲದ ಹಾಗೆ ಅಂಟಿಸಬೇಕು. ಸುಕ್ಕಿದ್ದರೆ ಆ ಸುಕ್ಕೇ ಮುಂದಿನ ಬೊಬ್ಬೆ. ಇದಕ್ಕೆ ಮೂರು ನಿಮಿಷ. "ಮುಂದಿನ ತಪಾಸಣೆ ಠಾಣೆಯಲ್ಲಿ ನೋಡ್ಕೊಳ್ಳೋಣ" ಅಂದವನು ಅಲ್ಲಿ ಹಿಮ್ಮಡಿಯ ಚರ್ಮವನ್ನು ಸಾಕ್ಸಿನ ಜೊತೆ ಕಿತ್ತುಕೊಳ್ತಾನೆ. ಬೂಟು ಅರ್ಧ ಸೈಜು ದೊಡ್ಡದಿರಲಿ, ಪಾದ ಊದುತ್ತೆ. ಉಗುರು ನೇರಕ್ಕೆ ಕತ್ತರಿಸಿ, ಇಲ್ಲವಾದರೆ ಇಳಿಜಾರಿನಲ್ಲಿ ಬೂಟಿನ ತುದಿಗೆ ಬಡಿದು ಕಪ್ಪಾಗಿ ಕಳಚುತ್ತೆ.

ಹೊರೆಯ ಚೀಲಕ್ಕೆ ಅವರು ಬರ್ಗನ್ ಅಂತಾರೆ, ನಮ್ಮ ಸೇನೆಯವರು ಪಿಟ್ಟು. ಭಾರ ಸೊಂಟದ ಪಟ್ಟಿಗೆ ಇಳಿಯದೆ ಹೆಗಲ ಮೇಲೇ ಕೂತರೆ ಕಂಕುಳಿನ ನರಗಳು ಒತ್ತಿಕೊಂಡು ತೋಳು ಜೋಮು ಹಿಡಿಯುತ್ತೆ. 22 ಪುಲ್‌ಅಪ್ಪಿನ ಅದೇ ತೋಳು ಆಗ ಬಾಟಲಿಯ ಮುಚ್ಚಳ ತಿರುಗಿಸೋದಿಲ್ಲ. ಅಭ್ಯಾಸಕ್ಕೆ 10-12 ಕಿಲೋದಿಂದ ಶುರು ಮಾಡಿ, ಹೊತ್ತು ನಡೆಯೋದು ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ದೂರವನ್ನೂ ಭಾರವನ್ನೂ ಒಂದೇ ವಾರ ಏರಿಸಬೇಡಿ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ತನ್ನನ್ನು ಕರಗಿಸಿಕೊಂಡು ಆಮೇಲೆ ಕಟ್ಟಿಕೊಳ್ಳುತ್ತೆ. ಆ ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ಬಡಕಲು. ಮೀನಖಂಡವೆಲ್ಲ ನೋಯುತ್ತಿದ್ದರೆ ಚಿಂತೆಯಿಲ್ಲ. ಮುಂಗಾಲ ಮೂಳೆಯ ಮೇಲೆ ಒಂದೇ ಬೆರಳಲ್ಲಿ ಮುಟ್ಟಿ ತೋರಿಸುವಂಥ ನೋವಿದ್ದರೆ ಅವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಇದನ್ನು ಎಷ್ಟು ಜನ ಮುಲಾಮು ಹಚ್ಚಿ ಓಡಿ ಪೂರ್ತಿ ಮುರಿದುಕೊಳ್ತಾರೋ ಲೆಕ್ಕ ಬೇಡ.

"ಮಾನಸಿಕವಾಗಿ ಗಟ್ಟಿ ಇರಬೇಕು ಅಲ್ವಾ ಅಣ್ಣಾ?" ಇದು ಎರಡನೇ ಪ್ರಶ್ನೆ. ಗಟ್ಟಿ ಅಂದರೆ ಏನು ಅಂತ ಕೇಳಿದರೆ ಮುಷ್ಟಿ ತೋರಿಸ್ತಾರೆ. ಬ್ರೆಕನ್‌ನಲ್ಲಿ ಅಭ್ಯರ್ಥಿ ಒಬ್ಬನೇ ನಡೀತಾನೆ. ಠಾಣೆಗೆ ಬಂದರೆ ಮುಂದಿನ ಜಾಗದ ಗ್ರಿಡ್ ಸಂಖ್ಯೆ (ನಕ್ಷೆಯ ಚೌಕಗಳಲ್ಲಿ ಆ ಜಾಗದ ವಿಳಾಸ) ಕೊಡ್ತಾರೆ, ಅವನು ಅದನ್ನು ನಕ್ಷೆಯಲ್ಲಿ ತೋರಿಸಬೇಕು, ಬೆರಳಲ್ಲಲ್ಲ, ಹುಲ್ಲುಕಡ್ಡಿಯ ತುದಿಯಲ್ಲಿ. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಬೆರಳು ಅರ್ಧ ಕಿಲೋಮೀಟರ್ ನೆಲ ಮುಚ್ಚುತ್ತೆ. ನಕ್ಷೆಯ ಮೇಲೆ ಗುರುತು ಹಾಕುವಂತಿಲ್ಲ. ತಾನು ಹಿಂದಿದ್ದೇನೋ ಮುಂದಿದ್ದೇನೋ ಯಾರೂ ಹೇಳಲ್ಲ. ಶಭಾಷ್ ಇಲ್ಲ, ಬೈಗುಳವೂ ಇಲ್ಲ. ಬೈದರೆ ಸಿಟ್ಟಿನಲ್ಲಿ ಇನ್ನೈದು ಕಿಲೋಮೀಟರ್ ನಡೆಯಬಹುದು, ಈ ಮೌನಕ್ಕೆ ಎದುರು ನಿಲ್ಲೋದೇ ಕಷ್ಟ. ನಿದ್ದೆಗೆಟ್ಟ ತಲೆ ಮಂಜಿನಲ್ಲಿ ದಿಕ್ಸೂಚಿಯನ್ನು ಸರಿಯಾಗಿ 180 ಡಿಗ್ರಿ ಉಲ್ಟಾ ಓದುತ್ತೆ, ಪಕ್ಕದ ದಿಣ್ಣೆಯನ್ನೇ ತನ್ನ ದಿಣ್ಣೆ ಅಂತ ವಾದಿಸುತ್ತೆ. ತಲೆ ನೆಟ್ಟಗಿದ್ದಾಗಲೇ "ತೊರೆ ಸಿಕ್ಕಿತೆಂದರೆ ಸೇರಬೇಕಾದ ಜಾಗ ದಾಟಿ ಮುಂದೆ ಬಂದಿದ್ದೇನೆ" ಅಂತ ಲೆಕ್ಕ ಹಾಕಿಟ್ಟುಕೊಂಡವನು ಉಳೀತಾನೆ.

ಅಮೆರಿಕದ ನೌಕಾಪಡೆಯ ಕಮಾಂಡೋಗಳಾದ ನೇವಿ ಸೀಲ್‌ಗಳದು ಬೇರೆ ಧಾಟಿ. ಕೊರೊನಾಡೋ ಕಡಲತೀರ, ಐದೂವರೆ ದಿನದ 'ಹೆಲ್ ವೀಕ್', ಅಷ್ಟೂ ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಆಸುಪಾಸಿನ ನಿದ್ದೆ, ಬಿಡುವವನು ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸಿ ಹೋಗಬಹುದು. ಈ ಗಂಟೆಯ ವಿಡಿಯೋ ನೋಡಿಕೊಂಡೇ ಎಲ್ಲರೂ ನನ್ನ ಹತ್ತಿರ ಬರೋದು. "ಗಂಟೆ ಬಾರಿಸದೆ ಇರೋದು ಹೇಗೆ?"

ಯಾರೂ ಕೇಳದ ಪ್ರಶ್ನೆ ಇದರ ತಲೆಕೆಳಗು: ನಿಲ್ಲಿಸಲೇಬೇಕಾದಾಗ ಯಾರು ನಿಲ್ಲಿಸಬೇಕು? ನಿಲ್ಲದವನನ್ನೇ ಹುಡುಕಿ ಆರಿಸ್ತಾರೆ. ಅಂಥವನ ಬ್ರೇಕು ಅವನ ಕೈಯಲ್ಲಿ ಇರೋಕೆ ಸಾಧ್ಯವೇ ಇಲ್ಲ. 2022ರ ಫೆಬ್ರವರಿಯಲ್ಲಿ ಹೆಲ್ ವೀಕ್ ಮುಗಿಸಿದ ಒಬ್ಬ ಅಭ್ಯರ್ಥಿ ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ಸತ್ತ. 2013ರ ಜುಲೈ 13ರಂದು ಬ್ರೆಕನ್‌ನಲ್ಲಿ, ಸುಡುಬಿಸಿಲಿನ ದಿನ, ಸುಮಾರು 26 ಕಿಲೋಮೀಟರ್ ನಡಿಗೆಯಲ್ಲಿ ಕುಸಿದ ಮೂವರು ಮೀಸಲು ಸೈನಿಕರು ಸತ್ತರು, ಇಬ್ಬರು ಅವತ್ತೇ, ಒಬ್ಬ ಆಸ್ಪತ್ರೆಯಲ್ಲಿ. ಎಲ್ಲರ ಮೈಮೇಲೂ ಜಿಪಿಎಸ್ ಟ್ರ್ಯಾಕರ್ ಇತ್ತು. ಪರದೆಯ ಮೇಲೆ ಚುಕ್ಕೆ ನಿಂತಿದ್ದನ್ನು ಹೊತ್ತಿಗೆ ಸರಿಯಾಗಿ ಗಮನಿಸಿದವರಿಲ್ಲ. ಅದಕ್ಕೆ ಮುಂಚೆಯೇ ಬೇರೆ ಇಬ್ಬರು ಬಿಸಿಲ ಹೊಡೆತಕ್ಕೆ ಹಿಂದೆ ಸರಿದಿದ್ದರು, ಆಗಲೇ ನಡಿಗೆ ನಿಲ್ಲಿಸಬೇಕಿತ್ತು ಅಂತ 2015ರ ಮರಣ ವಿಚಾರಣೆ ಹೇಳಿತು, ನಿರ್ಲಕ್ಷ್ಯ ಅಂತಲೂ ಹೇಳಿತು.

ಸ್ನಾಯು ಸುಡುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಕೆಲಸಕ್ಕೆ ಹೋಗುತ್ತೆ, ಮುಕ್ಕಾಲು ಬಿಸಿಯಾಗುತ್ತೆ. ಬೆವರು ಆರಿದರೆ ಮಾತ್ರ ಮೈ ತಣಿಯೋದು. ಅದಕ್ಕೇ ಸೇನೆಗಳು ಬಳಸುವ ಶಾಖದ ಸೂಚ್ಯಂಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 70 ಪಾಲು, ಬಿಸಿಲಲ್ಲಿಟ್ಟ ಕಪ್ಪುಗೋಳದೊಳಗಿನ ಥರ್ಮಾಮೀಟರಿಗೆ 20, ಬರೀ ಗಾಳಿಯ ಬಿಸಿಗೆ 10. ಬೆವರು ಆರದ ಮಂಗಳೂರಿನ 32 ಡಿಗ್ರಿ ಕಲಬುರಗಿಯ 36ಕ್ಕಿಂತ ಕೆಟ್ಟದ್ದಿರಬಹುದು. ಒಳಮೈ 40 ಡಿಗ್ರಿ ದಾಟಿತೆಂದರೆ ಮೊದಲು ಕೆಡೋದು ಬುದ್ಧಿ. ಅವನು ತಡವರಿಸ್ತಾನೆ, ಜಗಳಕ್ಕೆ ಬರ್ತಾನೆ, "ನಾನು ಚೆನ್ನಾಗಿದ್ದೀನಿ" ಅಂತಾನೆ. ಬರೀ ನೀರು ಕುಡಿದೂ ಕುಡಿದೂ ರಕ್ತದ ಸೋಡಿಯಂ ಇಳಿದವನೂ ಹೀಗೇ ಆಡ್ತಾನೆ, ಉಪ್ಪೂ ಬೇಕು.

ಏಪ್ರಿಲ್ ಮಧ್ಯಾಹ್ನ ಮರಳು ತುಂಬಿದ ಚೀಲ ಹೊತ್ತು ಒಬ್ಬೊಬ್ಬರೇ ಓಡುವ ಹುಡುಗರೇ, ನಿಮಗೆ ಹೇಳ್ತಿರೋದು. ಇಬ್ಬರಾಗಿ ಹೋಗಿ. ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ: ಕೇಳಿದಾಗ ಸ್ವಂತ ಫೋನ್ ನಂಬರ್ ತಪ್ಪು ಹೇಳಿದವನ ಚೀಲ ಕಿತ್ತುಕೊಳ್ಳೋದು, ವಾದಕ್ಕೆ ಅವಕಾಶ ಇಲ್ಲ. ಬೈಕಿನಲ್ಲಿ ಒಂದು ಟಾರ್ಪಾಲ್ ಇರಲಿ, ಓಡುವ ಜಾಗದ ಹತ್ತಿರ ನೀರಿನ ಕ್ಯಾನ್‌ಗಳೂ ಐಸೂ ಇರಲಿ. ಕುಸಿದವನನ್ನು ಟಾರ್ಪಾಲಿನ ನಡುವೆ ಮಲಗಿಸಿ, ಅಂಚುಗಳನ್ನು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ, ತಲೆ ಮುಳುಗದ ಹಾಗೆ ಎತ್ತಿ ಹಿಡಿದು, ಮೈಮೇಲೆ ನೀರು, ಐಸು ಸುರಿದು ಆ ನೀರನ್ನು ಅಲ್ಲಾಡಿಸ್ತಾ ಇರಿ. ಎಚ್ಚರ ತಪ್ಪಿದ ಬಾಯಿಗೆ ನೀರು ಹಾಕಬೇಡಿ. ಒಬ್ಬರು 108ಕ್ಕೆ ಫೋನ್ ಮಾಡ್ತಿರಲಿ, ಆದರೆ ಆಂಬ್ಯುಲೆನ್ಸ್ ಬರಲಿ ಅಂತ ತಣಿಸೋದನ್ನು ಕಾಯಿಸಬೇಡಿ.