ಅಪ್ಪ ಅಮ್ಮನ ಜೊತೆ ಗೋಳಗುಮ್ಮಟ

ವಯಸ್ಸಾದ ಅಪ್ಪ ಅಮ್ಮನನ್ನು ವಿಜಯಪುರಕ್ಕೆ ಕರೆಸಿಕೊಳ್ಳುವವರೆಲ್ಲ ನನ್ನನ್ನು ಕೇಳುವುದು ಒಂದೇ, ಗೋಳಗುಮ್ಮಟ ಹತ್ತೋಕೆ ಅವರಿಗೆ ಆಗುತ್ತಾ ಅಂತ. ಮಂಡಿ ಗಟ್ಟಿ ಇದ್ದರೆ ಆಗುತ್ತೆ, ಇಲ್ಲದಿದ್ದರೆ ಕಷ್ಟ. ಆದರೆ ಹತ್ತದೇ ಇದ್ದರೆ ಅಷ್ಟು ದೂರ ಬಂದದ್ದೇ ದಂಡ ಅನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ನಮ್ಮ ಅಮ್ಮ ಹತ್ತಲಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿದವರು ಅವರೇ.

ನನ್ನ ಗಂಡನ ಕೆಲಸದ ಮೇಲೆ ನಾವು ಈ ಊರಿಗೆ ಬಂದವರು. ಅಪ್ಪ ಅಮ್ಮ ಇರುವುದು ಮೈಸೂರಿನ ಕಡೆ. ಮೈಸೂರಿನಿಂದ ಇಲ್ಲಿಗೆ ನೇರ ರೈಲಿದೆ, ಹೆಸರೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್. ರಾತ್ರಿಯೆಲ್ಲ ಕೂತು, ಮಲಗಿ, ಹುಬ್ಬಳ್ಳಿ ಗದಗ ಬಾಗಲಕೋಟೆ ದಾಟಿ ಬೆಳಿಗ್ಗೆ ಇಳಿದರು. ಊರು ಹತ್ತಿರ ಬರುತ್ತಿದ್ದ ಹಾಗೆ ಕಿಟಕಿಯಲ್ಲಿ ಗುಮ್ಮಟ ಕಂಡಿತಂತೆ, ಅಪ್ಪ ಸ್ಟೇಷನ್ನಿನಲ್ಲೇ ಅದರ ಮಾತು ಶುರು ಮಾಡಿದರು. ಅವರು ಗಾರೆ ಮೇಸ್ತ್ರಿ. ಕರಣೆ ಕೆಳಗಿಟ್ಟು ವರ್ಷಗಳಾದರೂ, ಎಲ್ಲಿ ಹೋದರೂ ಮೊದಲು ಗೋಡೆ ಮುಟ್ಟಿ ನೋಡುವ ಅಭ್ಯಾಸ ಹೋಗಿಲ್ಲ.

ಒಂದು ದಿನ ಸುಧಾರಿಸಿಕೊಳ್ಳಲಿ ಅಂತ ಬಿಟ್ಟು, ಮಾರನೇ ದಿನ ಬೆಳಿಗ್ಗೆ ಬೇಗ ಹೊರಟೆವು. ಬೇಗ ಅಂದರೆ ನಿಜವಾಗಿಯೂ ಬೇಗ, ಗೇಟು ತೆಗೆಯುವ ಹೊತ್ತಿಗೆ. ಇದನ್ನು ಒತ್ತಿ ಹೇಳುತ್ತಿದ್ದೀನಿ. ಹೊತ್ತು ಏರಿದ ಮೇಲೆ ಶಾಲೆಯ ಬಸ್ಸುಗಳು ಬರುತ್ತವೆ, ಬಿಸಿಲೂ ಜಾಸ್ತಿ. ಮಕ್ಕಳಿಗೆ ಟಾಂಗಾ ಬೇಕೇಬೇಕು, ಇಲ್ಲಿ ಟಾಂಗಾ ಇನ್ನೂ ಓಡುತ್ತೆ. ಟಾಂಗಾದವರು ಕೆಳಗಿಳಿದು, "ಬರ್ರಿ ಅಮ್ಮಾರ, ಇಲ್ಲಿ ಕಾಲಿಟ್ಟು ಏರ್ರಿ, ನಾ ಹಿಡೀತೀನಿ" ಅಂದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಕೂತೇಬಿಟ್ಟರು.

ಒಳಗೆ ಹೋದರೆ ಮೊದಲು ಎದುರಾಗುವುದು ನಗಾರಖಾನೆ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡ, ಈಗ ಅದರಲ್ಲಿ ಮ್ಯೂಸಿಯಂ ಇದೆ. ಅದು ದಾಟಿದ ಮೇಲೆ ಗುಮ್ಮಟ ಪೂರ್ತಿ ಕಾಣುತ್ತೆ. ಚೌಕಾಕಾರದ ದೊಡ್ಡ ಕಟ್ಟಡ, ನಾಲ್ಕು ಮೂಲೆಗೆ ಎಂಟು ಮುಖದ ನಾಲ್ಕು ಗೋಪುರ, ಒಂದೊಂದಕ್ಕೂ ಏಳು ಅಂತಸ್ತು, ಎಲ್ಲದರ ಮೇಲೆ ಆ ಗುಮ್ಮಟ. ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಗುಮ್ಮಟದ ಬುಡದಲ್ಲಿ ಸುತ್ತಲೂ ಕಮಲದ ದಳಗಳನ್ನು ಮಾಡಿದ್ದಾರೆ. ಅಮ್ಮ ಕೈ ಅಡ್ಡ ಹಿಡಿದು ನೋಡಿ, "ಎಷ್ಟು ದೊಡ್ಡದು ಕಟ್ಟಿದರೂ ಹೂವಿಲ್ಲದೆ ಮನಸ್ಸು ತುಂಬಲ್ಲ ನೋಡು" ಅಂದರು.

ಇದು ಮೊಹಮ್ಮದ್ ಆದಿಲ್ ಷಾ ಸಮಾಧಿ. ಆತ ಆಳಿದ್ದು 1627ರಿಂದ 1656ರವರೆಗೆ. ದಾಬೋಲಿನ ಯಾಕೂತ್ ಅನ್ನುವವರು ಇದರ ಶಿಲ್ಪಿ ಎಂದು ಹೇಳುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ತಾವಾಗಿಯೇ ದನಿ ತಗ್ಗಿಸಿದರು. ನಡುವೆ ಒಂದು ಕಂಬವೂ ಇಲ್ಲ. ಒಂದೊಂದು ಬದಿಗೂ ಸುಮಾರು 41 ಮೀಟರ್, ಅಂದರೆ ಹದಿನೆಂಟು ಸಾವಿರ ಚದರಡಿಗೂ ಜಾಸ್ತಿ ನೆಲ, ಎಲ್ಲವೂ ಒಂದೇ ಸೂರಿನ ಕೆಳಗೆ. ಮಧ್ಯದ ಎತ್ತರದ ಕಟ್ಟೆಯ ಮೇಲೆ ಸುಲ್ತಾನ, ಅವನ ಇಬ್ಬರು ಹೆಂಡತಿಯರು, ರಂಭಾ, ಮಗಳು, ಮೊಮ್ಮಗ, ಇಷ್ಟು ಜನರ ಗೋರಿಗಳು. ಮೇಲೆ ಕಾಣುವುದು ಗುರುತಿಗೆ ಇಟ್ಟದ್ದು, ನಿಜವಾದ ಗೋರಿಗಳು ಇರುವುದು ಕೆಳಗಿನ ನೆಲಮಾಳಿಗೆಯಲ್ಲಿ.

ರಂಭಾ ಸುಲ್ತಾನನ ಪ್ರೀತಿಯ ನರ್ತಕಿ. ಅವಳ ಪ್ರೀತಿ ಪರೀಕ್ಷಿಸಲು ಸುಲ್ತಾನ ಮೇಲಿಂದ ಹಾರುತ್ತೀಯಾ ಅಂತ ಕೇಳಿದನಂತೆ, ಅವಳು ಹಾರಿಯೇಬಿಟ್ಟಳಂತೆ, ಗೈಡುಗಳು ಎಲ್ಲರಿಗೂ ಹೇಳುವ ಕಥೆ ಇದು. ಪಕ್ಕದ ಗುಂಪಿಗೆ ಹೇಳುತ್ತಿದ್ದದ್ದು ನಮಗೂ ಕೇಳಿಸಿತು. ನನ್ನ ಮಗಳು ಅಜ್ಜಿಯ ಮುಖ ನೋಡಿದಳು. "ಇಷ್ಟಪಟ್ಟವರನ್ನ ಅಂಥ ಮಾತು ಕೇಳಬಾರದು ಕಂದ" ಅಂದರು ಅಮ್ಮ, ಅಷ್ಟೇ.

ಮೇಲೆ ಹೋಗುವ ಮೆಟ್ಟಿಲುಗಳು ಮೂಲೆಯ ಗೋಪುರದೊಳಗೆ ಇವೆ. ಕಡಿದು, ಕಿರಿದು, ಸುತ್ತಿಕೊಂಡು ಹೋಗುತ್ತವೆ. ಅಮ್ಮ ಬಾಗಿಲಲ್ಲಿ ನಿಂತು ಒಂದು ಸಲ ಮೇಲೆ ನೋಡಿ, "ನೀವು ಹೋಗಿ, ನಾನು ಇಲ್ಲೇ ಕೂತಿರ್ತೀನಿ" ಅಂದುಬಿಟ್ಟರು. ಒತ್ತಾಯ ಮಾಡಬೇಡಿ, ಇದು ಒತ್ತಾಯ ಮಾಡುವ ಜಾಗ ಅಲ್ಲ. ಹತ್ತಿದಷ್ಟೇ ಇಳಿಯಲೂಬೇಕು, ಮಂಡಿನೋವು ಇರುವವರಿಗೆ ಇಳಿಯುವುದೇ ಹೆಚ್ಚು ಹಿಂಸೆ. ನನ್ನ ಗಂಡ ಅಮ್ಮನ ಜೊತೆ ಕೆಳಗೆ ಉಳಿದರು. ಅಪ್ಪ ಮಾತ್ರ ಹೊರಟೇಬಿಟ್ಟರು. ಕಾವಲಿನವರು "ಗ್ವಾಡಿ ಹಿಡ್ಕೊಂಡು ಹತ್ರಿ ಯಜಮಾನ್ರ, ಅವಸರ ಮಾಡಬ್ಯಾಡ್ರಿ" ಅಂದರು. ಅಪ್ಪನಿಗೆ ಅದನ್ನು ಹೇಳಿಕೊಡುವುದೇ ಬೇಡ! ಪ್ರತಿ ಅಂತಸ್ತಿನಲ್ಲೂ ಗಾಳಿ ಬೆಳಕಿಗೆ ಕಮಾನಿನ ಕಿಂಡಿಗಳಿವೆ, ಅಲ್ಲೆಲ್ಲ ನಿಂತು, ಉಸಿರು ತಗೊಂಡು, ಗೋಡೆ ಸವರಿ ನೋಡಿ, ಮತ್ತೆ ಮುಂದಕ್ಕೆ.

ಒಂದು ಕಡೆ ಗಾರೆ ಸ್ವಲ್ಪ ಉದುರಿತ್ತು. ಅಪ್ಪ ಮೊಮ್ಮಗನನ್ನು ಹತ್ತಿರ ಕರೆದು ತೋರಿಸಿದರು. ಒಳಗೆ ಮರಳಿನ ಕಾಳು, ಅಲ್ಲಲ್ಲಿ ಅರೆಯದೆ ಉಳಿದ ಸುಣ್ಣದ ಬಿಳಿ ಚುಕ್ಕೆ. "ಸಿಮೆಂಟು ಅಲ್ಲ ಇದು, ಸುಣ್ಣ. ಸಿಮೆಂಟು ಬೇಗ ಬಿಗಿಯುತ್ತೆ. ಸುಣ್ಣಕ್ಕೆ ಅವಸರ ಇಲ್ಲ, ಗಾಳಿ ಕುಡಿದು ಕುಡಿದು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ" ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಸುಣ್ಣದಕಲ್ಲನ್ನು ಸುಟ್ಟಾಗ ಅದರಿಂದ ಹೊರಟುಹೋದ ಇಂಗಾಲದ ಡೈಆಕ್ಸೈಡನ್ನು ಗಾರೆ ಗಾಳಿಯಿಂದ ವಾಪಸ್ ಹೀರಿಕೊಂಡು ಗಟ್ಟಿಯಾಗುತ್ತೆ. ಚಿಕ್ಕಂದಿನಲ್ಲಿ ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಸುಣ್ಣ ಮರಳು ಅರೆಯುವುದನ್ನು ನೋಡಿದ್ದರಂತೆ. ನನಗೇ ಗೊತ್ತಿರಲಿಲ್ಲ, ಇಷ್ಟು ವರ್ಷದಲ್ಲಿ ಅವರು ನಮಗೆ ಹೇಳಿಯೇ ಇರಲಿಲ್ಲ.

ಗೋಪುರದಿಂದ ಹೊರಗೆ ಬಂದರೆ ಮಾಳಿಗೆ. ತಣ್ಣನೆ ಗಾಳಿ, ಕಣ್ಣು ಹಾಯುವಷ್ಟು ದೂರಕ್ಕೂ ಊರು. ಅಲ್ಲಿಂದ ಗುಮ್ಮಟದ ಬುಡದ ಸಣ್ಣ ಬಾಗಿಲಲ್ಲಿ ತೂರಿಕೊಂಡು ಒಳಗೆ ಹೋದರೆ ಪಿಸುಮಾತಿನ ಗ್ಯಾಲರಿ, ಗುಮ್ಮಟದ ಒಳಗೆ ಸುತ್ತಲೂ ಇರುವ ಓಣಿ. ಬಾಗಿಲು ದಾಟುವಾಗಲೇ ಗೋಡೆಯ ದಪ್ಪ ಗೊತ್ತಾಗುತ್ತೆ, ಹತ್ತಿರ ಹತ್ತಿರ ಮೂರು ಮೀಟರ್. ಗ್ಯಾಲರಿಯ ಅಗಲವೂ ಮೂರು ಮೀಟರಿನ ಮೇಲೆ ಇದೆ.

ಇಲ್ಲಿ ಬಂದವರು ಸಾಮಾನ್ಯವಾಗಿ ಮಾಡುವುದು ಕೂಗುವುದು, ಸಿಳ್ಳೆ ಹೊಡೆಯುವುದು. ಒಂದು ಚಪ್ಪಾಳೆ ಹೊಡೆದರೆ ಅದು ಮತ್ತೆ ಮತ್ತೆ ತಿರುಗಿ ಬರುತ್ತೆ, ಮಕ್ಕಳಿಗೆ ಖುಷಿ, ಸರಿ. ಆದರೆ ಈ ಜಾಗದ ನಿಜವಾದ ಸೊಗಸು ಇರುವುದು ಪಿಸುಮಾತಿನಲ್ಲಿ, ಅದಕ್ಕೆ ಸುತ್ತ ಸದ್ದಿರಬಾರದು. ನಾವು ಹೋದಾಗ ನಮ್ಮನ್ನು ಬಿಟ್ಟು ಒಂದು ಜೋಡಿ ಮಾತ್ರ ಇತ್ತು. ಮಗಳು ಈ ಕಡೆ ಗೋಡೆಗೆ ಕಿವಿ ಇಟ್ಟು ಕೂತಳು. ಅಪ್ಪ ನಿಧಾನವಾಗಿ ಸುತ್ತು ಹಾಕಿ ಎದುರು ಬದಿಗೆ ಹೋದರು, ಅಲ್ಲಿಂದ ಇಲ್ಲಿಗೆ ಸುಮಾರು 37 ಮೀಟರ್ ದೂರ. ಅಷ್ಟು ದೂರದಿಂದ ಅವರ ಮುಖದ ಚಹರೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಗೋಡೆಗೆ ಬಾಯಿ ಹಚ್ಚಿ ಅವಳನ್ನು ಮನೆಯಲ್ಲಿ ಕರೆಯುವ ಹೆಸರಿಂದ ಕರೆದು, "ಓದಿದ್ದು ಸಾಕು, ಬೇಸಿಗೆ ರಜಕ್ಕೆ ನಮ್ಮೂರಿಗೆ ಬಾ" ಅಂದರು. ನಾನೂ ಅವಳ ಪಕ್ಕ ಕಿವಿ ಇಟ್ಟಿದ್ದೆ. ಬೆನ್ನ ಹಿಂದೆಯೇ ನಿಂತು ಹೇಳಿದಷ್ಟು ಸ್ಪಷ್ಟ. ಗೋಡೆಯ ಬಾಗನ್ನೇ ಹಿಡಿದು ಸದ್ದು ಜಾರಿಕೊಂಡು ಬರುತ್ತೆ, ಚೆದುರುವುದಿಲ್ಲ. ಅವಳು ತಿರುಗಿ ಗೋಡೆಗೆ "ಬರ್ತೀನಿ ತಾತ" ಅಂದಳು. ಆ ಕಡೆಯಿಂದ ಅಪ್ಪ ಕೈ ಎತ್ತಿದರು.

ಆಮೇಲೆ ಅಪ್ಪ ಕಟಕಟೆ ಹಿಡಿದು ಕೆಳಗೆ ಬಗ್ಗಿ ನೋಡುತ್ತಾ ನಿಂತರು. ಅವರ ತಲೆಯಲ್ಲಿ ಇದ್ದದ್ದು ಒಂದೇ, ಇಷ್ಟು ಭಾರ ನಿಂತಿರುವುದು ಹೇಗೆ. ಮಗನ ಬ್ಯಾಗಿನಲ್ಲಿದ್ದ ಡ್ರಾಯಿಂಗ್ ಪುಸ್ತಕ ತೆಗೆಸಿ ಒಂದು ಚೌಕ ಬರೆದರು. ಅದರ ಮೇಲೆಯೇ, ಮೂಲೆ ತಿರುಗಿಸಿ ಇನ್ನೊಂದು ಚೌಕ. ಎಂಟು ಮೂಲೆಯ ನಕ್ಷತ್ರ ಆಯಿತು, ನಡುವೆ ಎಂಟು ಮುಖದ ಜಾಗ ಉಳಿಯಿತು. "ಕೆಳಗೆ ನೋಡು, ಕಮಾನುಗಳು ಹೀಗೇ ಒಂದನ್ನೊಂದು ದಾಟಿಕೊಂಡು ಹೋಗಿವೆ" ಅಂತ ಮಗನಿಗೆ ತೋರಿಸಿದರು. ಕೆಳಗೆ ಚೌಕ ಇರುವ ಕೋಣೆ ಹಾಗೆ ಮೇಲೆ ಬರುತ್ತಾ ಬರುತ್ತಾ ಕಿರಿದಾಗಿ ದುಂಡಾಗುತ್ತೆ, ದುಂಡಾದ ಜಾಗದ ಮೇಲೆ ಗುಮ್ಮಟ ಕೂರುತ್ತೆ. ಗುಮ್ಮಟಕ್ಕೆ ಬುಡವನ್ನು ಹೊರಕ್ಕೆ ದೂಡುವ ಗುಣ ಇರುತ್ತೆ. ಈ ಕಮಾನುಗಳೂ ಅವುಗಳ ನಡುವಿನ ಕಟ್ಟಡವೂ ಒಳಕ್ಕೆ ಚಾಚಿಕೊಂಡಿರುವುದರಿಂದ ಅವುಗಳ ಭಾರ ಒಳಮುಖವಾಗಿ ಎಳೆಯುತ್ತೆ. ಹೊರಕ್ಕೆ ದೂಡುವುದು, ಒಳಕ್ಕೆ ಎಳೆಯುವುದು, ಎರಡೂ ತೂಗಿಕೊಂಡು ನಿಂತಿವೆ. ನಾವು ನಿಂತಿದ್ದ ಗ್ಯಾಲರಿ ಇರುವುದೂ ಆ ಒಳಚಾಚಿನ ಮೇಲೆಯೇ. ಶಾಲೆಯಲ್ಲಿ ನಾನು ಓದಿದ್ದು "ಭಾರತದ ಅತಿ ದೊಡ್ಡ ಗುಮ್ಮಟಗಳಲ್ಲಿ ಒಂದು" ಅಂತ ಒಂದು ಸಾಲು ಮಾತ್ರ.

ಕೆಳಗಿಳಿದು ಬಂದಾಗ ಅಮ್ಮ ಗೋಡೆ ಬದಿಯಲ್ಲಿ ಕಾಲು ಚಾಚಿ ಆರಾಮವಾಗಿ ಕೂತಿದ್ದರು. ಮೇಲೆ ಯಾರು ಏನು ಕೂಗಿದರು ಎಲ್ಲವೂ ಅವರಿಗೆ ಕೇಳಿಸಿತ್ತು. ಆಮೇಲೆ ಬಂದ ಹುಡುಗರ ಗುಂಪೊಂದು ಮೇಲಿಂದ ಕೂಗುತ್ತಿದ್ದಾಗ ನಾವೂ ಅಲ್ಲೇ ಕೂತು ಕೇಳಿದೆವು. ಕೆಳಗೆ ಕೂತರೆ ಸದ್ದು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯಲ್ಲ, ತಲೆ ಮೇಲೆ ಹರಡಿಕೊಂಡು ನಿಧಾನವಾಗಿ ಕರಗುತ್ತೆ. ಬಿಸಿಲು ಏರುತ್ತಿದ್ದ ಹಾಗೆ ಕಿಟಕಿಯ ಬೆಳಕು ಗೋರಿ ಕಟ್ಟೆಯ ಕಡೆ ಹೇಗೆ ಸರಿಯಿತು, ಪಾರಿವಾಳಗಳು ಯಾವ ಸಂದಿಯಿಂದ ಬಂದು ಯಾವ ಸಂದಿಗೆ ಹೋಗುತ್ತವೆ, ಎಲ್ಲ ಅಮ್ಮ ಮೊಮ್ಮಕ್ಕಳಿಗೆ ತೋರಿಸಿದರು. ಕತ್ತೆತ್ತಿ ನೋಡಿದರೆ ಅಪ್ಪ ಬರೆದ ಎರಡು ಚೌಕಗಳು ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿದ್ದವು, ಮೇಲಿಂದ ನೋಡಿದ್ದಕ್ಕಿಂತ ಚೆನ್ನಾಗಿ. "ಇದು ನಾನು ಹಾಕುವ ರಂಗೋಲಿ ಹಾಗೇ ಇದೆಯಲ್ಲ" ಅಂತ ಅಮ್ಮ ಪುಸ್ತಕ ಕೈಗೆ ತಗೊಂಡು ನೋಡಿದರು.

ಮ್ಯೂಸಿಯಂನಲ್ಲಿ ಹಳೆಯ ರತ್ನಗಂಬಳಿ, ಚೀನಾದ ಪಿಂಗಾಣಿ, ಕೈಬರಹದ ಪುಸ್ತಕಗಳು, ಆಯುಧಗಳಿವೆ. ಶುಕ್ರವಾರ ರಜೆ, ನೆನಪಿಟ್ಟುಕೊಳ್ಳಿ. ಕೂತು ಸುಧಾರಿಸಿಕೊಳ್ಳಲು ಹೊರಗಿನ ಹುಲ್ಲುಹಾಸು ಚೆನ್ನಾಗಿದೆ.

ಸಂಜೆ ಬಿಸಿಲು ತಗ್ಗಿದ ಮೇಲೆ ಇಬ್ರಾಹಿಂ ರೋಜಾಕ್ಕೆ ಹೋದೆವು. ಹಿರಿಯರು ಜೊತೆಗಿದ್ದರೆ ಇದನ್ನು ಬಿಡಲೇಬೇಡಿ. ಗೋಳಗುಮ್ಮಟ ಗಾತ್ರದಿಂದ ಹಿಡಿದು ನಿಲ್ಲಿಸಿದರೆ ಇದು ಕುಸುರಿಯಿಂದ. ಮೊಹಮ್ಮದನ ಅಪ್ಪ ಎರಡನೇ ಇಬ್ರಾಹಿಂ ಆದಿಲ್ ಷಾ ತನ್ನ ರಾಣಿ ತಾಜ್ ಸುಲ್ತಾನಾಗಾಗಿ ಕಟ್ಟಿಸಿದ್ದು, ಕೊನೆಗೆ ಅವನನ್ನೂ ಇಲ್ಲೇ ಮಣ್ಣು ಮಾಡಿದರು. ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದ ದೊರೆ, ಜನ ಅವನನ್ನು ಜಗದ್ಗುರು ಬಾದಷಾ ಅಂತ ಕರೆಯುತ್ತಿದ್ದರು. ಒಂದೇ ಜಗಲಿಯ ಮೇಲೆ ಈ ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರದಂತೆ ಕೊರೆದಿದ್ದಾರೆ, ಅಕ್ಷರಗಳ ಸಂದಿಯಲ್ಲಿ ಬೆಳಕು ಒಳಗೆ ಬರುತ್ತೆ. ಮಗಳು ಒಂದು ಕಿಟಕಿಯ ಮುಂದಿಂದ ಕದಲಲೇ ಇಲ್ಲ. ಅಮ್ಮ ಎಲ್ಲ ಕಡೆ ತಾವೇ ನಡೆದು ನೋಡಿದರು.

ಮಾರನೇ ದಿನ ಮಲಿಕ್-ಎ-ಮೈದಾನ್ ತೋಪು ನೋಡಿದೆವು. 55 ಟನ್ ತೂಕ, 1549ರಲ್ಲಿ ಎರಕ ಹೊಯ್ದದ್ದು. ತೋಪಿನ ಬಾಯಿ ಸಿಂಹದ ಬಾಯಿ, ಹಲ್ಲಿನ ಸಂದಿಯಲ್ಲಿ ಆನೆ ಸಿಕ್ಕಿಕೊಂಡಿದೆ. ಮಗನಿಗೆ ಆನೆಯ ಬಗ್ಗೆ ಬಹಳ ಬೇಜಾರಾಯಿತು, ತಾತನ ಕೈ ಎಳೆದು ಬೇಗ ಹೊರಡಿಸಿದ.

ಕೊನೆಗೆ ಬಾರಾ ಕಮಾನ್. ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಷಾ ತನ್ನ ಸಮಾಧಿ ಅಂತ ಶುರು ಮಾಡಿಸಿದ್ದು, 1672ರಲ್ಲಿ ಅವನು ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಸೂರಿಲ್ಲ, ಕಪ್ಪು ಕಲ್ಲಿನ ಕಮಾನುಗಳು ಬರಿದೇ ಆಕಾಶಕ್ಕೆ ನಿಂತಿವೆ. ಫೋಟೋಗೆ ಬರುವವರೇ ಜಾಸ್ತಿ. ಆದರೆ ಅಪ್ಪ ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಮುಗಿದ ಕಟ್ಟಡದಲ್ಲಿ ಗಾರೆಯೆಲ್ಲ ಬಳಿದು ಕೆಲಸ ಮುಚ್ಚಿಹೋಗಿರುತ್ತೆ, ಇಲ್ಲಿ ಕಲ್ಲಿಗೆ ಕಲ್ಲು ಹೇಗೆ ಕೂರಿಸಿದ್ದಾರೆ ಅಂತ ಬೆರಳಿಟ್ಟು ತೋರಿಸಬಹುದು. ಒಂದು ಕಮಾನಿನ ಬುಡದಿಂದ ನೆತ್ತಿಯವರೆಗೆ ಒಂದೊಂದೇ ಕಲ್ಲನ್ನು ಬೆರಳಲ್ಲೇ ಹತ್ತಿಸಿ, ನೆತ್ತಿಯ ಕಲ್ಲು ಕೂರುವವರೆಗೂ ಉಳಿದವಕ್ಕೆಲ್ಲ ಕೆಳಗಿಂದ ಸೆಂಟ್ರಿಂಗ್ ಆಸರೆ ಬೇಕು, ಅದು ಕೂತ ಮೇಲೆ ಬೇಡ ಅಂತ ಮೊಮ್ಮಗನಿಗೆ ಹೇಳಿಕೊಟ್ಟರು. ಅವನು ಮನೆಗೆ ಬಂದು ಬ್ಲಾಕ್ಸ್ ಇಟ್ಟು ಕಟ್ಟಲು ಕೂತ.

ಅಪ್ಪ ಅಮ್ಮ ದೀಪಾವಳಿ ಮುಗಿಸಿಕೊಂಡು ಮತ್ತೆ ಬರುತ್ತಾರೆ. ಆಗ ಪಟ್ಟದಕಲ್ಲಿಗೆ ಹೋಗುವುದು ಅಂತ ಈಗಲೇ ಮಾತಾಗಿದೆ. ಅಲ್ಲಿ ಹೆಚ್ಚಿನ ದೇವಸ್ಥಾನಗಳು ಒಂದೇ ಆವರಣದಲ್ಲಿ, ಸಮತಟ್ಟು ನೆಲದ ಮೇಲೆ ಇವೆ, ಅಮ್ಮನಿಗೆ ಸಲೀಸು. ಬಾದಾಮಿ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, ಅದನ್ನು ಅಪ್ಪ ಮತ್ತು ಮಕ್ಕಳು ನೋಡಲಿ, ನಾನೂ ಅಮ್ಮನೂ ಕೆಳಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತಿರುತ್ತೇವೆ.